ಕೋರಂ: ಸಭೆಯಲ್ಲಿ ಯಾರು ಯಾರಿದ್ದರು?

(ತೆಂಗಿನ ಸೀಮೆಯ ಗ್ರಾಮಸ್ಥರು ಮತ್ತು ವಿದ್ಯಾರ್ಥಿಗಳಿಗಾಗಿ ನೀಡಿದ ಉಪನ್ಯಾಸದ ಬರಹರೂಪ)



ಹೇಮಾವತಿ ಹುಟ್ಟುವುದು ಮಲೆನಾಡಿನ ಮೂಡಿಗೆರೆ ಸೀಮೆಯಲ್ಲಿ. ಗೊರೂರಿನ ಅಣೆಕಟ್ಟೆಯಲ್ಲಿ ನಿಂತು, ಅಲ್ಲಿಂದ ನಾಲೆಯಾಗಿ ಹೊರಟು, ತಿಪಟೂರು ತುರುವೇಕೆರೆಗಳ ತೆಂಗಿನ ನೆಲಕ್ಕೆ ಅದರ ನೀರು ಬರುತ್ತದೆ. ಹೀಗಾಗಿ ಬೆಟ್ಟದ ಊರಿನವರು ತಮ್ಮ ಕಾಡಿನ ಬಗೆಗೆ ಕೈಗೊಳ್ಳುವ ತೀರ್ಮಾನವು ಬಯಲಿನ ಕೆರೆಯನ್ನೂ ತಲುಪುತ್ತದೆ. ನೀರಿಗೆ ಮೂಲವಿರುವಂತೆ ತೀರ್ಮಾನಕ್ಕೂ ಒಂದು ಮೂಲವಿದೆ. ಆ ಮೂಲವೇ ಸಭೆ. ಕೆರೆಯ ಹೂಳೆತ್ತುವುದು, ಗೋಮಾಳವನ್ನು ಬೇರೊಂದು ಕಾರ್ಯಕ್ಕೆ ಕೊಡುವುದು, ಗುಂಡುತೋಪಿನ ಮರಗಳನ್ನು ಹರಾಜು ಹಾಕುವುದು, ಬೆಟ್ಟದಲ್ಲಿ ಗಣಿಗೆ ಒಪ್ಪುವುದು ಅಥವಾ ಒಪ್ಪದಿರುವುದು, ಇವೆಲ್ಲವೂ ಯಾವುದೋ ಒಂದು ಸಭೆಯ ನಡವಳಿ ಪುಸ್ತಕದಲ್ಲಿ ಒಂದು ಸಾಲಾಗಿ ದಾಖಲಾಗುತ್ತವೆ. ಆ ಸಾಲು ಸಾಮಾನ್ಯವಾಗಿ ಹೀಗೆ ಮುಗಿಯುತ್ತದೆ: ‘ಸರ್ವಾನುಮತದಿಂದ ತೀರ್ಮಾನಿಸಲಾಯಿತು.’

ಸರ್ವರು ಎಂದರೆ ಯಾರು? ಇಂದಿನ ಮಾತಿನ ವಿಷಯವೇ ಈ ಪ್ರಶ್ನೆ.

ಒಂದು ಪದದ ಹುಟ್ಟು

ಸಭೆ ನಡೆಯಲು ಇರಬೇಕಾದ ಕನಿಷ್ಠ ಹಾಜರಾತಿಗೆ ಕೋರಂ ಎನ್ನುತ್ತಾರೆ. ಗಣಪೂರ್ತಿ ಎಂಬ ಕನ್ನಡದ ಪದವೂ ಬಳಕೆಯಲ್ಲಿದೆ. ಹಳ್ಳಿಯ ಹಾಲಿನ ಡೇರಿಯಿಂದ ಸಂಸತ್ತಿನವರೆಗೆ ಎಲ್ಲೆಡೆ ಈ ನಿಯಮವುಂಟು. ಇದು ಕೇವಲ ತಲೆಯೆಣಿಕೆಯ ವಿಷಯವೆಂದೇ ಹೆಚ್ಚಿನವರು ತಿಳಿದಿದ್ದಾರೆ.

ಆದರೆ ಆ ಪದದ ಚರಿತ್ರೆ ಬೇರೊಂದು ಸಂಗತಿಯನ್ನು ತಿಳಿಸುತ್ತದೆ. ಕೋರಂ ಲ್ಯಾಟಿನ್ ಭಾಷೆಯ ಪದ. ಅದರ ಅರ್ಥ ‘ಯಾರ ಪೈಕಿ’ ಎಂದು. ಹಿಂದೆ ಇಂಗ್ಲೆಂಡಿನಲ್ಲಿ ಸ್ಥಳೀಯ ನ್ಯಾಯಾಧಿಕಾರಿಗಳನ್ನು ನೇಮಿಸುವ ರಾಜಾಜ್ಞೆಯಲ್ಲಿ ಹಲವರ ಹೆಸರುಗಳನ್ನು ಬರೆದು, ‘ಇವರ ಪೈಕಿ ಇಂಥವರಲ್ಲಿ ಒಬ್ಬರಾದರೂ ಇರತಕ್ಕದ್ದು’ ಎಂದು ಕೆಲವರನ್ನು ಹೆಸರಿಸುತ್ತಿದ್ದರು. ಹಾಗೆ ಹೆಸರಿಸಲ್ಪಟ್ಟವರು ಇಲ್ಲದೆ ಮಿಕ್ಕವರು ಎಷ್ಟೇ ಮಂದಿ ಸೇರಿದರೂ ಕಾರ್ಯ ಸಾಗುತ್ತಿರಲಿಲ್ಲ. ಅಂದರೆ ಕೋರಂ ಹುಟ್ಟಿದಾಗ ಅದು ‘ಎಷ್ಟು ಮಂದಿ’ ಎಂದು ಕೇಳುತ್ತಿರಲಿಲ್ಲ, ‘ಯಾರು’ ಎಂದು ಕೇಳುತ್ತಿತ್ತು. ಆ ಕಾಲದಲ್ಲಿ ಆ ‘ಯಾರು’ ಎಂಬುದು ಕಾನೂನು ಬಲ್ಲ ದೊಡ್ಡವರನ್ನು ಕುರಿತದ್ದಾಗಿತ್ತು. ಇಂದಿನ ಗ್ರಾಮಸಭೆಯಲ್ಲಿ ಅದೇ ಪ್ರಶ್ನೆಯನ್ನು ಬಡವರ ಪರವಾಗಿ ಕೇಳಬೇಕಾಗಿದೆ.

ಕಾಯ್ದೆ ಹೇಳುವುದು

ಸಂವಿಧಾನದ 73ನೇ ತಿದ್ದುಪಡಿ 1993ರ ಏಪ್ರಿಲ್ 24ರಂದು ಜಾರಿಗೆ ಬಂದಿತು. ಅದೇ ವರ್ಷ ಕರ್ನಾಟಕ ತನ್ನ ಪಂಚಾಯತ್ ರಾಜ್ ಕಾಯ್ದೆಯನ್ನು ರೂಪಿಸಿತು. ಮುಂದಿನ ತಿದ್ದುಪಡಿಗಳಲ್ಲಿ ವಾರ್ಡ್ ಸಭೆ ಸೇರಿತು. ಬಳಿಕ ಜನವಸತಿ ಸಭೆಯೂ ಸೇರಿತು. ಕಾಯ್ದೆಯ ಹೆಸರೂ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಎಂದಾಯಿತು.

ಈ ಕಾಯ್ದೆಯಲ್ಲಿ ಕೋರಂ ಕುರಿತ ಮಾತುಗಳು ಹೆಚ್ಚಿಲ್ಲವಾದರೂ ಅವು ತೂಕವುಳ್ಳವು. ವಾರ್ಡ್ ಸಭೆಗೆ ಅಲ್ಲಿನ ಮತದಾರರ ಹತ್ತನೇ ಒಂದು ಭಾಗ ಅಥವಾ 20 ಮಂದಿ, ಇವೆರಡರಲ್ಲಿ ಯಾವುದು ಕಡಿಮೆಯೋ ಅಷ್ಟು ಜನ ಇರಬೇಕು. ಗ್ರಾಮಸಭೆಗೆ ಹತ್ತನೇ ಒಂದು ಭಾಗ ಅಥವಾ 100 ಮಂದಿ, ಇಲ್ಲಿಯೂ ಯಾವುದು ಕಡಿಮೆಯೋ ಅದು. ಇಷ್ಟಕ್ಕೇ ನಿಂತಿದ್ದರೆ ಇದು ಬರಿಯ ತಲೆಯೆಣಿಕೆಯಾಗುತ್ತಿತ್ತು. ಕಾಯ್ದೆ ಮುಂದುವರಿದು ಮೂರು ಮಾತುಗಳನ್ನು ಸೇರಿಸುತ್ತದೆ. ಹಾಜರಿದ್ದವರಲ್ಲಿ ಶೇಕಡ 30ಕ್ಕೆ ಕಡಿಮೆಯಿಲ್ಲದಂತೆ ಮಹಿಳೆಯರಿರಬೇಕು. ಪರಿಶಿಷ್ಟ ಜಾತಿ ಮತ್ತು ಪಂಗಡದವರು ತಮ್ಮ ಜನಸಂಖ್ಯೆಗೆ ಅನುಗುಣವಾಗಿ ಇರಬೇಕು. ಗ್ರಾಮಸಭೆಯಲ್ಲಿ ಸಾಧ್ಯವಾದ ಮಟ್ಟಿಗೆ ಪ್ರತಿ ವಾರ್ಡ್ ಸಭೆಯಿಂದ ಹತ್ತು ಮಂದಿಯಾದರೂ ಇರಬೇಕು.

ಪಂಚಾಯಿತಿಯ ಸ್ಥಾನಗಳಲ್ಲಿ ಮೀಸಲಾತಿ ಇರುವುದು ಎಲ್ಲರಿಗೂ ಗೊತ್ತು. ಅಬ್ದುಲ್ ನಜೀರ್ ಸಾಬ್ ಅವರ ಕಾಲದ 1983ರ ಕಾಯ್ದೆಯಂತೆ 1987ರಲ್ಲಿ ಚುನಾವಣೆ ನಡೆದಾಗ ಮಹಿಳೆಯರಿಗೆ ಶೇಕಡ 25 ಸ್ಥಾನಗಳು ದೊರೆತವು. 1993ರಲ್ಲಿ ಅದು ಮೂರನೇ ಒಂದು ಭಾಗವಾಯಿತು. 2010ರ ತಿದ್ದುಪಡಿಯಿಂದ ಅರ್ಧವಾಯಿತು. ಅದು ಕುರ್ಚಿಯ ಮೀಸಲಾತಿ. ಕೋರಂ ನಿಯಮವು ಜಮಖಾನೆಯ ಮೀಸಲಾತಿ. ವೇದಿಕೆಯ ಎದುರು ನೆಲದ ಮೇಲೆ ಯಾರು ಕುಳಿತಿರಬೇಕೆಂಬುದನ್ನು ಅದು ಹೇಳುತ್ತದೆ. ಮೊದಲನೆಯದನ್ನು ಚುನಾವಣಾ ಆಯೋಗ ಕಾಯುತ್ತದೆ. ಎರಡನೆಯದನ್ನು ಕಾಯುವವರು ಊರಿನವರೇ.

ಲೆಕ್ಕ ಹಾಕಿ ನೋಡಿದರೆ

ವಿದ್ಯಾರ್ಥಿ ಮಿತ್ರರು ಇದನ್ನು ಲೆಕ್ಕದ ಮೂಲಕ ಪರಿಶೀಲಿಸಬಹುದು. ಒಂದು ಪಂಚಾಯಿತಿಯಲ್ಲಿ 5000 ಮತದಾರರಿದ್ದಾರೆಂದು ಭಾವಿಸೋಣ. ಹತ್ತನೇ ಒಂದು ಭಾಗವೆಂದರೆ 500. ಆದರೆ ‘ಯಾವುದು ಕಡಿಮೆಯೋ ಅದು’ ಎಂಬ ಮಾತಿನಿಂದ 100 ಮಂದಿ ಸೇರಿದರೆ ಸಾಕು. ನೂರಕ್ಕೆ ಇಬ್ಬರು ಬಂದು 98 ಜನರ ಪರವಾಗಿ ತೀರ್ಮಾನ ಮಾಡುತ್ತಾರೆ. ಬರುವವರು ಇಷ್ಟು ಕಡಿಮೆಯಿರುವಾಗ ಅವರೆಲ್ಲ ಒಂದೇ ಬೀದಿಯವರೋ, ಒಂದೇ ಜಾತಿಯವರೋ, ತೋಟವುಳ್ಳವರೇ ಎಂಬುದು ಬಹಳ ಮುಖ್ಯವಾಗುತ್ತದೆ. ಸಂಖ್ಯೆ ಕಿರಿದಾದಷ್ಟೂ ಅದರೊಳಗೆ ಯಾರಿದ್ದಾರೆಂಬ ಪ್ರಶ್ನೆ ಹಿರಿದಾಗುತ್ತದೆ. ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳು ಸಾಕು, ನಿಜ. ಆದರೆ ಊರೆಂಬ ಮಡಕೆಯಲ್ಲಿ ಒಂದೇ ಬಗೆಯ ಕಾಳಿಲ್ಲ.

ಇನ್ನೊಂದು ಲೆಕ್ಕ. ಸಭೆಗೆ 100 ಪುರುಷರು, 40 ಮಹಿಳೆಯರು ಬಂದರು ಎನ್ನಿ. ಒಟ್ಟು 140. ಇದರ ಶೇಕಡ 30 ಎಂದರೆ 42. ಮಹಿಳೆಯರು ಇಬ್ಬರು ಕಡಿಮೆಯಾದರು. ಮೇಲ್ನೋಟಕ್ಕೆ ತುಂಬಿದ ಸಭೆ. ನಿಯಮದ ದೃಷ್ಟಿಯಲ್ಲಿ ಅಪೂರ್ಣ. ಕಾಯ್ದೆಯ ಪಾಲು ಹಾಜರಿದ್ದವರ ಪೈಕಿ ಎಂಬುದನ್ನು ಗಮನಿಸಬೇಕು. ಪುರುಷರ ಗುಂಪು ದೊಡ್ಡದಾದಷ್ಟೂ ಮಹಿಳೆಯರ ಗುಂಪೂ ದೊಡ್ಡದಾಗಬೇಕು. ಒಂದು ಪಕ್ಷದವರು ಟ್ರ್ಯಾಕ್ಟರುಗಳಲ್ಲಿ ಜನರನ್ನು ತುಂಬಿ ತಂದು ಸಭೆಯನ್ನು ವಶಮಾಡಿಕೊಳ್ಳುವುದಕ್ಕೆ ಈ ಚಿಕ್ಕ ಭಿನ್ನರಾಶಿಯೇ ಒಂದು ಅಡ್ಡಗೋಡೆ.

ಕೆರೆಯ ಗೋಡು ಯಾರದು?

ತೆಂಗಿನ ಸೀಮೆಯಲ್ಲಿ ಈ ನಿಯಮದಿಂದ ಆಗುವುದೇನು ಎಂಬುದಕ್ಕೆ ಕೆರೆಯನ್ನೇ ನೋಡಬಹುದು. ತಿಪಟೂರಿನ ಕೊಬ್ಬರಿಯ ಹೆಸರು ದೇಶಕ್ಕೆಲ್ಲ ಪರಿಚಿತ. ಕಾಯಿಯನ್ನು ತಿಂಗಳುಗಟ್ಟಲೆ ಅಟ್ಟದ ಮೇಲೆ ಒಣಗಿಸಿ ಉಂಡೆ ಕೊಬ್ಬರಿ ಮಾಡುವ ಈ ನಾಡಿನಲ್ಲಿ ಕೆರೆಯ ಗೋಡು ತೋಟಕ್ಕೆ ಗೊಬ್ಬರವೂ ಹೌದು, ತೇವ ಹಿಡಿಯುವ ಸಾಧನವೂ ಹೌದು. ಆದುದರಿಂದ ಹೂಳೆತ್ತುವ ಮಾತು ಬಂದಾಗ ತೋಟದವರು ಸಭೆಗೆ ತಪ್ಪದೆ ಬರುತ್ತಾರೆ. ಅದು ಸಹಜವೂ ನ್ಯಾಯವೂ ಆಗಿದೆ.

ಆದರೆ ಕೆರೆ ತೋಟದವರೊಬ್ಬರದೇ ಅಲ್ಲ. ಕೆರೆಯಂಗಳದ ಹುಲ್ಲನ್ನು ನಂಬಿ ಕುರಿ ಸಾಕುವವರಿದ್ದಾರೆ. ಜೇಡಿಮಣ್ಣನ್ನು ಬಲ್ಲ ಕುಂಬಾರರಿದ್ದಾರೆ. ದನಗಳಿಗೆ ನೀರು ಕುಡಿಸುವ, ಬಟ್ಟೆ ಒಗೆಯುವ ಹೆಂಗಸರಿದ್ದಾರೆ. ಮೀನು ಹಿಡಿಯುವವರಿದ್ದಾರೆ. ಹೂಳನ್ನು ಎಲ್ಲಿ, ಎಷ್ಟು ಆಳಕ್ಕೆ ತೆಗೆಯಬೇಕೆಂಬ ತೀರ್ಮಾನ ಇವರೆಲ್ಲರ ಬದುಕನ್ನು ಮುಟ್ಟುತ್ತದೆ. ಒಳ್ಳೆಯ ಗೋಡು ಸಿಕ್ಕ ಕಡೆಯಲ್ಲೇ ಯಂತ್ರವು ಆಳವಾಗಿ ಅಗೆದು ಹೋದರೆ ಕೆರೆಯಂಗಳದಲ್ಲಿ ಗುಂಡಿಗಳು ಉಳಿಯುತ್ತವೆ. ಮಳೆ ಬಂದು ನೀರು ನಿಂತ ಮೇಲೆ ದನ ಕುಡಿಸಲು ಇಳಿಯುವವರಿಗೂ ಈಜಲು ಹೋಗುವ ಮಕ್ಕಳಿಗೂ ಆ ಗುಂಡಿ ಕಾಣುವುದಿಲ್ಲ. ದಂಡೆಯ ಇಳಿಜಾರು ಎಲ್ಲಿ ಬೇಕೆಂಬುದು ಪ್ರತಿದಿನ ದನ ಹೊಡೆದುಕೊಂಡು ಬರುವವರಿಗೆ ಗೊತ್ತು. ಸಭೆಯಲ್ಲಿ ಅವರಿಲ್ಲದಿದ್ದರೆ ಆ ತಿಳಿವಳಿಕೆಯೂ ಸಭೆಯಲ್ಲಿಲ್ಲ.

ನೀರುಗಂಟಿಯ ಸಂಗತಿ ಇನ್ನೂ ಮನಮುಟ್ಟುವಂಥದು. ಹಳೆಯ ಮೈಸೂರು ಸೀಮೆಯಲ್ಲಿ ಕೆರೆಯ ತೂಬನ್ನು ಎತ್ತಿ ಇಳಿಸಿ, ಗದ್ದೆಯಿಂದ ಗದ್ದೆಗೆ ನೀರನ್ನು ಸರದಿಯಂತೆ ಹಂಚುತ್ತಿದ್ದವರು ನೀರುಗಂಟಿಗಳು. ಅನೇಕ ಊರುಗಳಲ್ಲಿ ಅವರು ದಲಿತರು. ಯಾವ ಕಾಲುವೆ ಎಲ್ಲಿ ಸೋರುತ್ತದೆ, ಏರಿಯ ಯಾವ ಭಾಗ ದುರ್ಬಲ, ಕೋಡಿ ಯಾವ ಮಳೆಗೆ ಬೀಳುತ್ತದೆ ಎಂಬುದೆಲ್ಲ ಅವರಿಗೆ ಗೊತ್ತಿತ್ತು. 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯ್ದೆಯ ನಂತರ ವಂಶಪಾರಂಪರ್ಯದ ಗ್ರಾಮ ಸೇವೆಯ ವ್ಯವಸ್ಥೆ ಕಳಚಿತು. ವಂಶಪಾರಂಪರ್ಯದ ಬಿಟ್ಟಿ ಚಾಕರಿ ಕೊನೆಗೊಂಡದ್ದು ಸರಿಯಾದ ಸಂಗತಿಯೇ. ಆದರೆ ನೀರಿನ ಜ್ಞಾನವುಳ್ಳವರಿಗೆ ನೀರಿನ ಸಭೆಯಲ್ಲಿ ಸಮಾನ ಸ್ಥಾನ ದೊರೆಯಲಿಲ್ಲ. 2000ದ ನೀರಾವರಿ ತಿದ್ದುಪಡಿ ಕಾಯ್ದೆಯಡಿ ರಚನೆಯಾದ ನೀರು ಬಳಕೆದಾರರ ಸಹಕಾರ ಸಂಘಗಳಲ್ಲಿಯೂ ಸದಸ್ಯತ್ವದ ತಳಹದಿ ಅಚ್ಚುಕಟ್ಟಿನ ಜಮೀನು. ಪಹಣಿಯಲ್ಲಿ ಹೆಸರಿಲ್ಲದ ಹೆಂಗಸು, ಜಮೀನಿಲ್ಲದ ಕೂಲಿಗಾರ ಅಂಥ ಸಭೆಯ ಹೊರಗೇ ಉಳಿಯುವುದು ಸುಲಭ. ಆದುದರಿಂದಲೇ ಗ್ರಾಮಸಭೆಯ ಕೋರಂ ನಿಯಮಕ್ಕೆ ಹೆಚ್ಚಿನ ಬೆಲೆ. ಅಲ್ಲಿ ಒಳಬರಲು ಜಮೀನು ಬೇಡ. ಮತದಾರರ ಪಟ್ಟಿಯಲ್ಲಿ ಹೆಸರಿದ್ದರೆ ಸಾಕು.

ಹಟ್ಟಿ, ತಾಂಡಾ, ಕೇರಿ

ನಿಯಮದ ಮೂರನೆಯ ಮಾತು, ಅಂದರೆ ಪ್ರತಿ ವಾರ್ಡಿನಿಂದ ಹತ್ತು ಮಂದಿ ಎಂಬುದು, ಹೆಚ್ಚು ಚರ್ಚೆಗೆ ಬರುವುದಿಲ್ಲ. ಆದರೆ ಚಿಕ್ಕನಾಯಕನಹಳ್ಳಿ, ತುರುವೇಕೆರೆಗಳಂಥ ತಾಲ್ಲೂಕುಗಳಿಗೆ ಅದು ಬಹಳ ಬೇಕಾದ ಮಾತು. ಇಲ್ಲಿ ಊರಿನಿಂದ ದೂರದಲ್ಲಿ ಗೊಲ್ಲರಹಟ್ಟಿಗಳಿವೆ. ಕಾಡುಗೊಲ್ಲರು ಪರಿಶಿಷ್ಟ ಪಂಗಡಕ್ಕೆ ಸೇರಬೇಕೆಂದು ಬಹುಕಾಲದಿಂದ ಕೇಳುತ್ತಿದ್ದಾರೆ. ಆ ಪಟ್ಟಿಯಲ್ಲಿ ಅವರಿಲ್ಲ. ಹಾಗಾಗಿ ಪರಿಶಿಷ್ಟರ ಪಾಲಿನ ನಿಯಮ ಅವರನ್ನು ಕಾಪಾಡುವುದಿಲ್ಲ. ಗೋಮಾಳ ಕಡಿಮೆಯಾದರೆ ಮೊದಲ ಪೆಟ್ಟು ಬೀಳುವುದು ಕುರಿ ಮೇಕೆ ಸಾಕುವ ಅವರ ಮೇಲೆಯೇ. ಅವರನ್ನು ಸಭೆಯೊಳಗೆ ತರಬಲ್ಲದ್ದು ಜಾತಿಯ ಲೆಕ್ಕವಲ್ಲ, ಜಾಗದ ಲೆಕ್ಕ. ಜನವಸತಿ ಸಭೆ ಹಟ್ಟಿಯಲ್ಲೇ ನಡೆದು, ಅಲ್ಲಿಂದ ವಾರ್ಡ್ ಸಭೆಗೂ ಗ್ರಾಮಸಭೆಗೂ ಮಾತು ತಲುಪಿದರೆ ಮಾತ್ರ ಹಟ್ಟಿಯ ಬೇಡಿಕೆಗೆ ದಾರಿ ಸಿಗುತ್ತದೆ.

ಹಟ್ಟಿಯೊಳಗೂ ಒಂದು ಪ್ರಶ್ನೆಯುಂಟು. ಮುಟ್ಟಾದವರನ್ನು, ಬಾಣಂತಿಯರನ್ನು ಹಟ್ಟಿಯ ಹೊರಗಿರಿಸುವ ರೂಢಿ ಕೆಲವೆಡೆ ಪೂರ್ತಿಯಾಗಿ ಅಳಿದಿಲ್ಲ. ಆ ದಿನಗಳಲ್ಲಿ ಸಭೆ ಸೇರಿದರೆ ಅವರು ಬರುವುದೆಂತು? ಹಾಗೆಯೇ ದೇವಸ್ಥಾನದ ಅಂಗಳದಲ್ಲಿ ಸಭೆ ಕರೆದರೆ ಅಲ್ಲಿಗೆ ಕಾಲಿಡಲು ಹಿಂಜರಿಯುವ ದಲಿತ ಕುಟುಂಬಗಳು ಇಂದಿಗೂ ಇವೆ. ಸಭೆ ಕರೆದ ಜಾಗವೇ ಕೆಲವರಿಗೆ ಬರಬೇಡಿರೆಂದು ಹೇಳುತ್ತದೆ. ಶಾಲೆಯ ಆವರಣದಂಥ, ಎಲ್ಲರೂ ಸಂಕೋಚವಿಲ್ಲದೆ ಬಂದು ಕೂರಬಹುದಾದ ಸ್ಥಳವನ್ನು ಆರಿಸಿಕೊಳ್ಳುವುದು ಕೋರಂ ಪಾಲನೆಯ ಮೊದಲ ಹೆಜ್ಜೆ.

ಬೆಟ್ಟದ ಊರುಗಳಿಗೂ ಇದೇ ಪಾಠ

ಮಲೆನಾಡಿನ ಓದುಗರಿಗೆ ಗೋಮಾಳದ ಬದಲು ಸೊಪ್ಪಿನಬೆಟ್ಟ ಎಂದು ಓದಿಕೊಂಡರೆ ಇದೇ ಚಿತ್ರ ಕಾಣುತ್ತದೆ. ಸೊಪ್ಪಿನಬೆಟ್ಟದ ಸವಲತ್ತು ಅಡಿಕೆ ತೋಟಕ್ಕೆ ಸೇರಿದ್ದು. ತೋಟವಿಲ್ಲದೆಯೂ ಅದೇ ಬೆಟ್ಟದಿಂದ ಒಣಕಟ್ಟಿಗೆ ತರುವ ಹೆಂಗಸರ ಹೆಸರು ಅಲ್ಲಿನ ತೀರ್ಮಾನಗಳಲ್ಲಿ ಕಾಣುವುದು ಅಪರೂಪ.

ಅರಣ್ಯ ಹಕ್ಕು ಕಾಯ್ದೆಯ ಚರಿತ್ರೆ ಈ ವಿಷಯದಲ್ಲಿ ಬಹಳ ಬೋಧಪ್ರದ. 2006ರ ಆ ಕಾಯ್ದೆಗೆ 2008ರಲ್ಲಿ ನಿಯಮಗಳು ಬಂದಾಗ ಗ್ರಾಮಸಭೆಯ ಕೋರಂ ಮೂರನೇ ಎರಡರಷ್ಟು ಎಂದಿತ್ತು. ಅಷ್ಟು ಮಂದಿಯನ್ನು ಸೇರಿಸುವುದು ಸುಲಭವಾಗಿರಲಿಲ್ಲ. 2012ರ ತಿದ್ದುಪಡಿ ಅದನ್ನು ಅರ್ಧಕ್ಕೆ ಇಳಿಸಿತು. ಆದರೆ ಇಳಿಸುವಾಗಲೇ ಎರಡು ಷರತ್ತುಗಳನ್ನು ಹಾಕಿತು. ಹಾಜರಿದ್ದವರಲ್ಲಿ ಮೂರನೇ ಒಂದರಷ್ಟಾದರೂ ಮಹಿಳೆಯರಿರಬೇಕು. ಹಕ್ಕಿನ ಅರ್ಜಿಗಳ ಕುರಿತು ನಿರ್ಣಯ ಕೈಗೊಳ್ಳುವಾಗ ಅರ್ಜಿದಾರರಲ್ಲಿ ಅಥವಾ ಅವರ ಪ್ರತಿನಿಧಿಗಳಲ್ಲಿ ಅರ್ಧದಷ್ಟಾದರೂ ಇರಬೇಕು. ಸಂಖ್ಯೆಯಲ್ಲಿ ಸಡಿಲ, ಸ್ವರೂಪದಲ್ಲಿ ಬಿಗಿ. ಯಾರ ಬದುಕಿನ ಮೇಲೆ ತೀರ್ಪು ಬರುತ್ತದೆಯೋ ಅವರು ಎದುರಿಲ್ಲದೆ ತೀರ್ಪು ಕೊಡಲಾಗದು ಎಂಬ ತತ್ತ್ವ ಇಲ್ಲಿ ಕಾನೂನಿನ ರೂಪ ಪಡೆಯಿತು. ಕರ್ನಾಟಕದಲ್ಲಿ ಬಿಳಿಗಿರಿರಂಗನ ಬೆಟ್ಟದ ಸೋಲಿಗರ 25 ಗ್ರಾಮಸಭೆಗಳು 2011ರಲ್ಲಿ ಸಮುದಾಯ ಅರಣ್ಯ ಹಕ್ಕು ಪಡೆದುದು ಇದೇ ಕಾಯ್ದೆಯಡಿ.

ಸರಿಯಾಗಿ ಸೇರಿದ ಸಭೆಗೆ ಎಂಥ ಬಲವಿದೆ ಎಂಬುದನ್ನು ಒಡಿಶಾದ ನಿಯಮಗಿರಿ ತೋರಿಸಿತು. ಅಲ್ಲಿನ ಬೆಟ್ಟದಲ್ಲಿ ಬಾಕ್ಸೈಟ್ ಗಣಿ ಬೇಕೇ ಎಂಬ ಪ್ರಶ್ನೆಯನ್ನು ಗ್ರಾಮಸಭೆಗಳ ಮುಂದಿಡುವಂತೆ ಸರ್ವೋಚ್ಚ ನ್ಯಾಯಾಲಯ 2013ರ ಏಪ್ರಿಲ್ 18ರಂದು ತೀರ್ಪಿತ್ತಿತು. ಅದೇ ವರ್ಷದ ಜುಲೈ ಮತ್ತು ಆಗಸ್ಟ್ ತಿಂಗಳುಗಳಲ್ಲಿ 12 ಗ್ರಾಮಸಭೆಗಳು ಸೇರಿ, ಹನ್ನೆರಡೂ ಬೇಡವೆಂದವು. ಸಭೆಗೆ ಬಂದ ಡೋಂಗ್ರಿಯಾ ಕೊಂಧರು ಆ ಬೆಟ್ಟದಲ್ಲೇ ಬದುಕುವವರಾಗಿದ್ದರು. ಆದುದರಿಂದಲೇ ಅವರ ‘ಬೇಡ’ ಎಂಬ ಮಾತನ್ನು ತಳ್ಳಿಹಾಕುವುದು ಕಷ್ಟವಾಯಿತು.

ತೆಂಗಿನ ಸೀಮೆಗೂ ಗಣಿಯ ಅನುಭವವಿದೆ. ಚಿಕ್ಕನಾಯಕನಹಳ್ಳಿಯ ಬೆಟ್ಟಸಾಲುಗಳಿಂದ ಅದಿರು ಹೊರಟ ವರ್ಷಗಳಲ್ಲಿ ರಸ್ತೆಬದಿಯ ತೆಂಗಿನ ಗರಿಗಳ ಮೇಲೆ ಕೆಂಧೂಳು ಕುಳಿತಿತ್ತು. 2011ರ ಆಗಸ್ಟ್ 26ರಂದು ಸರ್ವೋಚ್ಚ ನ್ಯಾಯಾಲಯವು ತುಮಕೂರು ಮತ್ತು ಚಿತ್ರದುರ್ಗ ಜಿಲ್ಲೆಗಳಲ್ಲಿ ಗಣಿಗಾರಿಕೆಯನ್ನು ನಿಲ್ಲಿಸಿತು. ಮುಂದೆ ಗಣಿಬಾಧಿತ ಪ್ರದೇಶಗಳ ಪುನಶ್ಚೇತನಕ್ಕೆಂದು ರಾಜ್ಯದಲ್ಲಿ ಪ್ರತ್ಯೇಕ ನಿಗಮ ಸ್ಥಾಪನೆಯಾಯಿತು. 2015ರ ಗಣಿ ಕಾಯ್ದೆಯ ತಿದ್ದುಪಡಿಯಿಂದ ಜಿಲ್ಲಾ ಖನಿಜ ಪ್ರತಿಷ್ಠಾನಗಳೂ ಬಂದವು. ಹಣ ಬರುವಾಗ ಕೆಲಸಗಳ ಪಟ್ಟಿ ಬೇಕಾಗುತ್ತದೆ. ಕುಡಿಯುವ ನೀರು ಮೊದಲೋ, ಸಮುದಾಯ ಭವನ ಮೊದಲೋ? ಧೂಳು ಕುಡಿದ ಹಟ್ಟಿಗೆ ಆಸ್ಪತ್ರೆಯ ವಾಹನವೋ, ಮುಖ್ಯರಸ್ತೆಗೆ ಡಾಂಬರೋ? ಆ ಪ್ರಶ್ನೆ ಊರಿನ ಸಭೆಗೆ ಬಂದ ದಿನ ಅಲ್ಲಿ ಯಾರು ಕುಳಿತಿರುತ್ತಾರೋ ಅವರ ಅಗತ್ಯವೇ ಊರಿನ ಅಗತ್ಯವೆಂದು ಬರೆಯಲ್ಪಡುತ್ತದೆ.

ನಿಯಮ ಸೋರುವ ಕಡೆಗಳು

ಇಷ್ಟು ಒಳ್ಳೆಯ ನಿಯಮ ಏಕೆ ಬಲವಾಗಿ ಕಾಣುವುದಿಲ್ಲ? ಸೋರುವ ಕಡೆಗಳು ಕೆಲವಿವೆ.

ಮೊದಲನೆಯದು ಹಾಜರಿ ಪುಸ್ತಕ. ಸಭೆ ಮುಗಿದ ಮೇಲೆ ಪುಸ್ತಕವೇ ಮನೆಮನೆಗೆ ಹೋಗಿ ಸಹಿ, ಹೆಬ್ಬೆಟ್ಟು ತರುವ ಪರಿಪಾಠ ಹಳ್ಳಿಯ ಯಾರಿಗೂ ಹೊಸದಲ್ಲ. ಅಲ್ಲಿ ಕೋರಂ ಕಾಗದದ ಮೇಲೆ ಪೂರ್ಣವಾಗಿರುತ್ತದೆ, ಜಮಖಾನೆಯ ಮೇಲೆ ಖಾಲಿಯಾಗಿರುತ್ತದೆ.

ಎರಡನೆಯದು ಮುಂದೂಡಿದ ಸಭೆ. ಕೋರಂ ಇಲ್ಲದಿದ್ದರೆ ಅರ್ಧ ಗಂಟೆ ಕಾದು, ಅದೇ ಸ್ಥಳದಲ್ಲಿ ಮತ್ತೆ ಸೇರಿ, ಆಗ ಕೋರಂ ಬೇಕಿಲ್ಲವೆಂದು ನಡೆಸುವ ಉಪವಿಧಿ ಅನೇಕ ಸಂಘಗಳಲ್ಲಿದೆ. ಸಂಘದ ದಿನನಿತ್ಯದ ವ್ಯವಹಾರಕ್ಕೆ ಅದು ಸರಿಯಿರಬಹುದು. ಕೆರೆ, ಗೋಮಾಳ, ಕಾಡುಗಳ ವಿಷಯದಲ್ಲಿ ಅದು ಬಾಗಿಲಿಗೆ ಬೀಗ ಹಾಕಿ ಕಿಟಕಿಯನ್ನು ತೆರೆದಿಟ್ಟಂತೆ. ಮುಂದೂಡುವುದಾದರೆ ಬೇರೊಂದು ದಿನಕ್ಕೆ ಮುಂದೂಡಿ, ಬಾರದ ಕೇರಿಗೆ ಹೋಗಿ ಡಂಗುರ ಹೊಡೆಸಬೇಕು.

ಮೂರನೆಯದು ವೇಳೆ. ಕೊಬ್ಬರಿ ಸುಲಿಯುವ ಕಾಲದಲ್ಲಿ, ರಾಗಿ ಕೊಯ್ಲಿನ ದಿನಗಳಲ್ಲಿ ಬೆಳಗ್ಗೆ ಹನ್ನೊಂದಕ್ಕೆ ಸಭೆ ಕರೆದರೆ ಕೂಲಿ ಬಿಟ್ಟು ಬರುವವರು ಯಾರು? ಉಳ್ಳವರಿಗೆ ಸಭೆ ಒಂದು ಹೊತ್ತಿನ ಬಿಡುವು. ಕೂಲಿಯ ಹೆಂಗಸಿಗೆ ಅದು ಒಂದು ದಿನದ ಅನ್ನ. ಬಾರದವರಿಗೆ ಆಸಕ್ತಿಯಿಲ್ಲವೆಂದು ಹೇಳುವ ಮುನ್ನ ಈ ಬೆಲೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಒಂದು ನ್ಯಾಯವಾದ ಆಕ್ಷೇಪ

ನಿಯಮವನ್ನು ಬಿಗಿಯಾಗಿ ಪಾಲಿಸಿದರೆ ಊರಿನ ಕೆಲಸವೇ ನಿಂತುಹೋಗುವುದಿಲ್ಲವೇ ಎಂದು ಕೇಳುವವರಿದ್ದಾರೆ. ಈ ಆಕ್ಷೇಪವನ್ನು ಹಗುರವಾಗಿ ಕಾಣಬಾರದು. ಒಂದು ಗುಂಪು ಬೇಕೆಂದೇ ದೂರ ಉಳಿದು ಎಲ್ಲವನ್ನೂ ತಡೆಯಬಹುದು. ಬಲವುಳ್ಳವರು ತಮ್ಮ ಆಳುಗಳಿಗೆ ಸಭೆಗೆ ಹೋಗಬೇಡಿರೆಂದು ಹೇಳಿ, ಬಡವರ ಗೈರುಹಾಜರಿಯನ್ನೇ ತಮ್ಮ ಆಯುಧವಾಗಿ ಮಾಡಿಕೊಳ್ಳಬಹುದು. ನಲ್ಲಿ ದುರಸ್ತಿಗೂ ಬೀದಿದೀಪಕ್ಕೂ ತಿಂಗಳುಗಟ್ಟಲೆ ಕಾಯುವಂತಾದರೆ ಮೊದಲು ಕಷ್ಟಪಡುವುದೂ ಅದೇ ಕೇರಿ.

ಇದಕ್ಕೆ ಉತ್ತರ ನಿಯಮವನ್ನು ಕೈಬಿಡುವುದಲ್ಲ, ಸಭೆಯನ್ನು ಕೆಳಗಿನಿಂದ ಕಟ್ಟುವುದು. ಚಿಕ್ಕ ಸಭೆಗೆ ಬರುವುದು ಸುಲಭ, ಅಲ್ಲಿ ಮಾತಾಡುವುದೂ ಸುಲಭ. ಮಹಾರಾಷ್ಟ್ರವು 2003ರಲ್ಲಿ ತನ್ನ ಗ್ರಾಮಪಂಚಾಯಿತಿ ಕಾಯ್ದೆಗೆ ತಿದ್ದುಪಡಿ ತಂದು, ಗ್ರಾಮಸಭೆಗೆ ಮುನ್ನ ಮಹಿಳೆಯರ ಸಭೆ ನಡೆಯಬೇಕೆಂದು ವಿಧಿಸಿತು. ಹಾಗೆ ಮೊದಲೇ ಕೂಡಿ ಮಾತಾಡಿಕೊಂಡವರು ದೊಡ್ಡ ಸಭೆಗೆ ಬರುವಾಗ ಒಬ್ಬೊಬ್ಬರಾಗಿ ಬರುವುದಿಲ್ಲ. ಕರ್ನಾಟಕದಲ್ಲಿಯೂ ಮಹಿಳಾ ಗ್ರಾಮಸಭೆ, ಮಕ್ಕಳ ಗ್ರಾಮಸಭೆಗಳಿಗೆ ಅವಕಾಶವಿದೆ. ಅವು ಫೋಟೋ ತೆಗೆಯುವ ಸಮಾರಂಭಗಳಾಗದೆ, ಅಲ್ಲಿನ ಬೇಡಿಕೆ ಗ್ರಾಮಸಭೆಯ ಕಾರ್ಯಸೂಚಿಯಲ್ಲಿ ಮೊದಲ ವಿಷಯವಾಗಿ ಬರಬೇಕು.

ಹಾಜರಿಯಿಂದ ಮಾತಿನವರೆಗೆ

ಜಮಖಾನೆಯ ಮೇಲೆ ಕುಳಿತ ಮಾತ್ರಕ್ಕೆ ಮಾತು ಬರುವುದಿಲ್ಲ. ಹೆಂಗಸರು ಹಿಂದೆ ಗೋಡೆಗೆ ಒರಗಿ ಕುಳಿತು, ಗಂಡಸರು ಮಾತು ಮುಗಿಸಿದಾಗ ಎದ್ದು ಹೋಗುವ ಸಭೆಗಳೂ ನಿಯಮದಂತೆ ಪೂರ್ಣವೇ. ಆದರೂ ಸಂಖ್ಯೆಗೆ ಬೆಲೆಯಿಲ್ಲವೆಂದಲ್ಲ. ಅರ್ಥಶಾಸ್ತ್ರಜ್ಞೆ ಬೀನಾ ಅಗರ್‌ವಾಲ್ ಅವರು ಗುಜರಾತ್ ಮತ್ತು ನೇಪಾಳದ ಸಮುದಾಯ ಅರಣ್ಯ ಸಂಘಗಳನ್ನು ಅಧ್ಯಯನ ಮಾಡಿ 2010ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿದರು. ಕಾರ್ಯಕಾರಿ ಸಮಿತಿಯಲ್ಲಿ ಮಹಿಳೆಯರ ಪಾಲು ನಾಲ್ಕನೇ ಒಂದರಿಂದ ಮೂರನೇ ಒಂದರವರೆಗೆ ತಲುಪಿದಾಗ ಅವರು ಸಭೆಗೆ ಬರುವುದೂ ಮಾತಾಡುವುದೂ ಗಮನಾರ್ಹವಾಗಿ ಹೆಚ್ಚುತ್ತದೆ ಎಂಬುದು ಅಲ್ಲಿ ಕಂಡ ಸಂಗತಿಗಳಲ್ಲೊಂದು. ಒಬ್ಬಳೇ ಇದ್ದಾಗ ಮೌನ; ಹತ್ತು ಜನರಿದ್ದಾಗ ಪಕ್ಕದವಳ ಧೈರ್ಯ ತನ್ನ ಧೈರ್ಯವಾಗುತ್ತದೆ. ಕಾಯ್ದೆಯ ಶೇಕಡ 30 ಎಂಬ ಅಂಕಿಯೂ ಈ ಮಿತಿಯೊಳಗೇ ಬರುತ್ತದೆ.

ಒಂದು ಕೊರತೆಯನ್ನೂ ಗಮನಿಸಬೇಕು. ನಿಯಮವು ಮಹಿಳೆಯರನ್ನು ಒಂದು ಕಡೆ, ಪರಿಶಿಷ್ಟರನ್ನು ಇನ್ನೊಂದು ಕಡೆ ಎಣಿಸುತ್ತದೆ. ಬಂದ ಮಹಿಳೆಯರೆಲ್ಲ ತೋಟದ ಮನೆಯವರು, ಬಂದ ದಲಿತರೆಲ್ಲ ಗಂಡಸರು ಆದರೂ ಲೆಕ್ಕ ಸರಿಹೋಗುತ್ತದೆ. ಬಿದ್ದ ಗರಿ, ಮಟ್ಟೆಗಳನ್ನು ಆಯ್ದು ಒಲೆ ಉರಿಸುವ ದಲಿತ ಹೆಂಗಸು ಎರಡು ಲೆಕ್ಕಗಳ ನಡುವೆ ಕಾಣೆಯಾಗಬಹುದು. ಕಾಯ್ದೆ ಕೇಳದಿದ್ದರೂ ಊರು ಅವಳನ್ನು ಕೇಳಿ ಕರೆಯಬೇಕು.

ಇನ್ನು ಮಾಡಬೇಕಾದುದು

ಇದಕ್ಕೆ ಹೊಸ ಕಾಯ್ದೆ ಬರಲೆಂದು ಕಾಯಬೇಕಾಗಿಲ್ಲ. ಕೆಲವು ಸರಳ ಪದ್ಧತಿಗಳು ಸಾಕು.

ಸಭೆಯ ಆರಂಭದಲ್ಲಿಯೇ ಹಾಜರಿಯನ್ನು ಗಟ್ಟಿಯಾಗಿ ಓದಿ ಹೇಳಬೇಕು: ಒಟ್ಟು ಎಷ್ಟು, ಮಹಿಳೆಯರು ಎಷ್ಟು, ಪರಿಶಿಷ್ಟರು ಎಷ್ಟು, ಯಾವ ಯಾವ ವಾರ್ಡಿನಿಂದ ಎಷ್ಟು. ನಿರ್ಣಯ ಬರೆಯುವ ಹೊತ್ತಿಗೆ ಮತ್ತೊಮ್ಮೆ ಎಣಿಸಬೇಕು. ಏಕೆಂದರೆ ಫಲಾನುಭವಿಗಳ ಪಟ್ಟಿ ಮುಗಿದೊಡನೆ ಎದ್ದು ಹೋಗುವವರು ಬಹಳ. ಕೆರೆ, ಗೋಮಾಳ, ಗುಂಡುತೋಪು, ಬೆಟ್ಟಗಳ ಯಾವುದೇ ವಿಷಯವನ್ನು ಆ ಜಾಗವನ್ನು ನಂಬಿದವರು ಇಲ್ಲದಿರುವಾಗ ಕೈಗೆತ್ತಿಕೊಳ್ಳಬಾರದು. ‘ಸರ್ವಾನುಮತ’ ಎಂದು ಬರೆಯುವ ಕಡೆ ಹಾಜರಿಯ ಅಂಕಿಗಳನ್ನೂ ಬರೆಯಬೇಕು. ಯಾರಾದರೂ ಒಪ್ಪದಿದ್ದರೆ ಆ ಮಾತೂ ದಾಖಲಾಗಬೇಕು.

ವಿದ್ಯಾರ್ಥಿಗಳಿಗೆ ಇಲ್ಲಿ ಒಂದು ನಿಜವಾದ ಕೆಲಸವಿದೆ. ಹಾಜರಿ ಪುಸ್ತಕ, ನಡವಳಿ ಪುಸ್ತಕಗಳು ಸಾರ್ವಜನಿಕ ದಾಖಲೆಗಳು. 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಅವುಗಳ ಪ್ರತಿಯನ್ನು ಕೇಳಬಹುದು. ತಮ್ಮ ಪಂಚಾಯಿತಿಯ ಮೂರು ವರ್ಷಗಳ ಸಭೆಗಳನ್ನು ತೆಗೆದುಕೊಂಡು ಯಾವ ಕೇರಿಯಿಂದ ಎಷ್ಟು ಮಂದಿ ಬಂದಿದ್ದರು, ಆ ಕೇರಿಗೆ ಯಾವ ಕೆಲಸ ಆಯಿತು ಎಂದು ಎರಡು ಕಲಮುಗಳಲ್ಲಿ ಬರೆದರೆ ಊರಿನ ಚರಿತ್ರೆಯೇ ಕಣ್ಣೆದುರು ನಿಲ್ಲುತ್ತದೆ. ಅದನ್ನು ಜಗಳಕ್ಕೆಂದು ಒಯ್ಯುವುದು ಬೇಡ. ಮುಂದಿನ ಸಭೆಯಲ್ಲಿ ಓದಿ ಹೇಳಿದರೆ ಸಾಕು.

ಕೆರೆ ತುಂಬಲು ಎಲ್ಲ ದಿಕ್ಕಿನ ಹಳ್ಳಗಳೂ ಬಂದು ಸೇರಬೇಕು. ಒಂದು ಹಳ್ಳ ಮುಚ್ಚಿದರೂ ಆ ವರ್ಷ ಕೋಡಿ ಬೀಳುವುದಿಲ್ಲ. ಸಭೆಯೂ ಹಾಗೆಯೇ. ಮುಂದಿನ ಗ್ರಾಮಸಭೆಯಲ್ಲಿ ಅಧ್ಯಕ್ಷರು ಮೊದಲ ವಿಷಯವನ್ನು ಓದುವ ಮುನ್ನ ಯಾರಾದರೂ ಒಬ್ಬರು ಎದ್ದು ನಿಂತು ವಿನಯದಿಂದ ಕೇಳಲಿ: ‘ಸ್ವಾಮಿ, ಹಾಜರಿ ಓದಿ ಹೇಳಿ. ಯಾರು ಯಾರು ಬಂದಿಲ್ಲ?’